ಮೂರು ಜನಕ್ಕೆ ಅಳೆದ ಕಾರು

ನನ್ನ ತಮ್ಮ ಕಾರನ್ನು ತಗ್ಗಿಸಿಕೊಂಡು ಬಂದು ನಮ್ಮ ಟೈರ್ ಅಂಗಡಿಯ ಮುಂದೆ ನಿಲ್ಲಿಸಿದಾಗ ನಾನು ಲಾರಿಯೊಂದರ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದೆ. ತಲೆ ಎತ್ತಲಿಲ್ಲ. ಎತ್ತಬೇಕಾದ್ದೂ ಇರಲಿಲ್ಲ. ಆ ಎಂಜಿನ್ನಿನ ಸದ್ದು ನನಗೆ ಅಮ್ಮನ ಕೆಮ್ಮಿನಷ್ಟು ಗುರುತು.

ಗುರುತಿರದೆ ಏನು? ಅದಕ್ಕೆ ಜೀವ ಕೊಟ್ಟವನೇ ನಾನು. ಅಪ್ಪ ಅದನ್ನು ಗುಜರಿಯಿಂದ ಎಳೆಸಿಕೊಂಡು ಬಂದಾಗ ಮೂತಿ ಜಜ್ಜಿಹೋಗಿತ್ತು, ಬಾನೆಟ್ಟಿನೊಳಗೆ ಇಲಿ ಮರಿ ಹಾಕಿತ್ತು. ಒಂದು ಕಾಲಕ್ಕೆ ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದ ಸ್ಪೋರ್ಟ್ಸ್ ಸೆಡಾನ್ ಅದು. ಶಾಲೆ ಬಿಟ್ಟು ಈ ಅಂಗಡಿ ಸೇರಿದ ನಾನು ನನ್ನ ಭಾನುವಾರಗಳನ್ನೆಲ್ಲ ಅದರ ಹೊಟ್ಟೆಯ ಕೆಳಗೆ ಮಲಗಿ ಕಳೆದೆ. ತಮ್ಮ ಆಗ ಮಹಡಿಯ ಕೋಣೆಯಲ್ಲಿ ಓದುತ್ತಿದ್ದ. ಸುತ್ತಿಗೆ ಬಡಿದರೆ ಕಿಟಕಿಯಿಂದ ತಲೆ ಹಾಕಿ, "ಅಮ್ಮಾ, ಇವನಿಗೆ ಹೇಳು" ಎಂದು ಕೂಗುತ್ತಿದ್ದ. ಅವನ ಓದು ಮುಗಿಯಿತು, ಕೆಲಸ ಸಿಕ್ಕಿತು. ಅವತ್ತು ಊಟದ ಮೇಜಿನ ಮೇಲೆ ಅಪ್ಪ ಕೀ ಇಟ್ಟು ಅವನ ಕಡೆಗೆ ಸರಿಸಿದ.

ನಾನು ಅಪ್ಪನ ಮುಖ ನೋಡಿದೆ.

"ಅವನು ನಾಲ್ಕು ಜನರ ಮಧ್ಯೆ ಓಡಾಡೋನು ಕಣೋ," ಅಂದ ಅಪ್ಪ. "ನಿನಗೇನು ಕಮ್ಮಿ? ಅಂಗಡೀಲಿ ದಿನಾ ಹತ್ತು ಕಾರು ಓಡಿಸ್ತೀಯ."

ಗೆದ್ದಲು ಹುತ್ತ ಕಟ್ಟುತ್ತದೆ, ಹಾವು ಬಂದು ಸೇರಿಕೊಳ್ಳುತ್ತದೆ. ಹಾವಿಗೆ ಕೀ ಕೊಡುವುದು ಮಾತ್ರ ನಮ್ಮ ಮನೆಯಲ್ಲೇ.

ಈಗ ಆ ಹಾವು ಅಂಗಡಿಯ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿತ್ತು. ಎಲ್ಲೋ ಹೋಗಿ ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲಕ್ಕೆ ಹತ್ತಿರ ಕೂರಿಸಿದ್ದ. ನನಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಕಾರು ಚೆನ್ನಾಗಿ ಕಾಣುತ್ತಿತ್ತು. ಹಾರಲು ಮೈ ಕುಗ್ಗಿಸಿದ ಬೆಕ್ಕಿನ ಹಾಗೆ. ಅದಕ್ಕೇ ಇನ್ನಷ್ಟು ಉರಿಯಿತು.

"ಅಣ್ಣ, ಹೊಸ ವೀಲ್ ತಂದಿದ್ದೀನಿ. ಹಾಕಿಕೊಡು," ಅಂದ. ಡಿಕ್ಕಿ ತೆಗೆದು ತೋರಿಸಿದ. ಹತ್ತೊಂಬತ್ತು ಇಂಚಿನ ಅಲಾಯ್ ವೀಲುಗಳು, ಅಗಲವೂ ಜಾಸ್ತಿ, ಕಡ್ಡಿ ಕಡ್ಡಿಯೂ ಕನ್ನಡಿ.

ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದೆ. ವೀಲು ಮಡ್‌ಗಾರ್ಡಿನೊಳಗೆ ಎಷ್ಟು ಕೂರುತ್ತದೆ, ಎಷ್ಟು ಹೊರಗೆ ಚಾಚುತ್ತದೆ ಎಂಬುದಕ್ಕೆ ಒಂದು ಅಂಕಿ ಕೆತ್ತಿರುತ್ತಾರೆ, ಆಫ್‌ಸೆಟ್ ಅನ್ನುತ್ತಾರೆ. ಅಂಕಿ ಇಳಿದಷ್ಟೂ ವೀಲು ಹೊರಗೆ ಬರುತ್ತದೆ. ಇದರಲ್ಲಿ ಅಂಕಿ ಸಣ್ಣದಿತ್ತು.

"ಇದು ಕೂರಲ್ಲ," ಅಂದೆ. "ಮೂಗಿಗಿಂತ ಮೂಗುತಿ ಭಾರ. ಕಾರು ಎತ್ತರದಲ್ಲಿದ್ದಿದ್ರೆ ಬೇರೆ ಮಾತು. ತಗ್ಗಿಸಿದ ಮೇಲೆ ಹಿಂದಿನ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತೆ. ಹದಿನೆಂಟು ಹಾಕು."

ಅವನು ಕನ್ನಡಕ ತೆಗೆದ. "ಅಳೆದೇ ಇಲ್ಲ, ಆಗಲೇ ಕೂರಲ್ಲ ಅಂತೀಯಲ್ಲ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ ಅಣ್ಣ?"

ಹೊಟ್ಟೆಕಿಚ್ಚು ಇದ್ದದ್ದು ನಿಜ. ವೀಲು ಕೂರುವುದಿಲ್ಲ ಅನ್ನುವುದೂ ನಿಜ. ಆದರೆ ಎರಡು ನಿಜ ಒಂದೇ ಬಾಯಿಂದ ಬಂದರೆ ಎರಡನೆಯದನ್ನು ಯಾರು ನಂಬುತ್ತಾರೆ?

ಅಂಗಡಿಯ ಯಜಮಾನ ಒಳಗಿನಿಂದ ಟೀ ಲೋಟ ಹಿಡಿದು ಬಂದ. ರಸ್ತೆ ಬದಿಯಲ್ಲಿ ಕೈಪಂಪು ಇಟ್ಟುಕೊಂಡು ಶುರು ಮಾಡಿದವನು, ಅದಕ್ಕೇ ಎಲ್ಲರಿಗೂ ಗಾಳಿ ಮಾಮ.

"ಅಣ್ಣ ತಮ್ಮಂದಿರು ಇಲ್ಲಿ ಕಚ್ಚಾಡಬೇಡಿ, ಗಿರಾಕಿ ಓಡಿಹೋಗ್ತಾರೆ," ಅಂದ. "ಚೀಲ ತನ್ನಿ. ಖಾಲಿ ಗಾಡಿ ಸುಳ್ಳು ಹೇಳುತ್ತೆ. ಭಾರ ಹೊತ್ತ ಗಾಡಿ ಸುಳ್ಳು ಹೇಳಲ್ಲ."

ಇದು ನಮ್ಮ ಅಂಗಡಿಯ ಪದ್ಧತಿ. ತಗ್ಗಿಸಿದ ಗಾಡಿಗೆ ವೀಲು ನೋಡುವಾಗ ಅದರಲ್ಲಿ ದಿನವೂ ಯಾರು ಯಾರು ಕೂರುತ್ತಾರೋ ಅವರವರ ತೂಕಕ್ಕೆ ಮರಳು ಚೀಲಗಳನ್ನು ಸೀಟಿನ ಮೇಲೆ ಕೂರಿಸಬೇಕು. ಮಡ್‌ಗಾರ್ಡಿನ ಒಳ ಅಂಚಿಗೆ ಒದ್ದೆ ಜೇಡಿಮಣ್ಣಿನ ಉಂಡೆ ಮೆತ್ತಬೇಕು. ಆಮೇಲೆ ಅಂಗಡಿಯ ಹಿಂದಿನ ರಸ್ತೆಯುಬ್ಬಿನ, ಅಂದರೆ ಹಂಪಿನ ಮೇಲೆ ಗಾಡಿ ಹಾರಿಸಬೇಕು. ಮಣ್ಣು ಚಪ್ಪಟೆಯಾಗಿದ್ದರೆ ಆ ವೀಲು ಬೇಡ. ಇನ್ನೊಂದು ನಿಯಮವೂ ಇದೆ: ಅಳೆದವನೇ ಓಡಿಸಬೇಕು. ತಪ್ಪಾದರೆ ಬೈಸಿಕೊಳ್ಳುವವನು ಒಬ್ಬನೇ ಇರಲಿ ಎಂದು.

"ಯಾರು ಯಾರು ಕೂರ್ತೀರಿ?" ಎಂದು ತಮ್ಮನನ್ನು ಕೇಳಿದೆ. ಯಾವ ಗಿರಾಕಿಗಾದರೂ ಕೇಳುವ ಪ್ರಶ್ನೆ ಅದು.

ಅವನು ಮೊಬೈಲ್ ನೋಡುತ್ತ ಹೇಳಿದ: "ನಾನು, ಅಪ್ಪ, ಅಮ್ಮ. ಮೂರು ಜನ."

ಗಾಳಿ ಮಾಮ ನನ್ನ ಕಡೆ ನೋಡಿದ. ನಾನು ಚೀಲದ ಕಡೆ ನೋಡಿದೆ.

"ಮೂರೇನಾ?" ಅಂದೆ.

"ಇನ್ಯಾರು? ಅಕ್ಕ ಅವಳ ಮನೇಲಿದ್ದಾಳೆ."

ಮೂರು ಅಂದರೆ ಮೂರು. ಡ್ರೈವರ್ ಸೀಟಿಗೆ ನಾನೇ ಸಾಕು, ನಾವಿಬ್ಬರೂ ಒಂದೇ ಮೈಕಟ್ಟು. ಪಕ್ಕದ ಸೀಟಿನಲ್ಲಿ ಅಪ್ಪನನ್ನು ಕೂರಿಸಿದೆ, ಅಂದರೆ ಅಪ್ಪನಷ್ಟು ಮರಳನ್ನು. ಹಿಂದೆ ಎಡಗಡೆ ಅಮ್ಮ. ಬಲಗಡೆ ಸೀಟು ಖಾಲಿ ಬಿಟ್ಟೆ. ಆ ಖಾಲಿ ಸೀಟನ್ನು ನೋಡಿದಾಗ ನನಗೆ ಏನಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಅಷ್ಟು ಓದಿಲ್ಲ.

ವೀಲು ಹಾಕಿ, ಮಣ್ಣು ಮೆತ್ತಿ, ಸ್ಟೇರಿಂಗ್ ಹಿಡಿದೆ. ಕೀ ತಿರುಗಿಸಿದ ಕೂಡಲೆ ಎಂಜಿನ್ನು ನನ್ನನ್ನು ಗುರುತು ಹಿಡಿದ ಹಾಗೆ ಒಂದು ಸಲ ಗುಟುರು ಹಾಕಿತು. ಅಂಗಡಿಯ ಹಿಂದಿನ ಮಣ್ಣು ರಸ್ತೆ ಎಷ್ಟು ಉದ್ದ ಇದೆಯೋ ಅಷ್ಟು ದೂರ ಕಾರು ನನ್ನದಾಗಿತ್ತು. ಬೇಕೆಂದೇ ಮೆಲ್ಲಗೆ ಹೋದೆ. ಹಂಪಿನ ಮೇಲೆ ಹಾರಿಸಿದೆ, ತಿರುಗಿಸಿದೆ, ಮತ್ತೆ ಹಾರಿಸಿದೆ. ಸದ್ದಿಲ್ಲ.

ಇಳಿದು ಬಗ್ಗಿ ನೋಡಿದೆ. ಹಿಂದಿನ ಬಲ ಚಕ್ರದ ಮೇಲಿನ ಮಣ್ಣಿನ ಉಂಡೆಗೆ ಬೆಕ್ಕು ನಾಲಿಗೆ ತಾಗಿಸಿದಷ್ಟು ನುಣುಪು. ಅಷ್ಟೇ. ಮೂರು ಜನಕ್ಕೆ ಕೂರುತ್ತದೆ. ಬಲಗಡೆ ಸೀಟಿನಲ್ಲಿ ಇನ್ನೊಬ್ಬ ಕೂತರೆ ಕೂರುವುದಿಲ್ಲ.

"ಏನಾಯ್ತು?" ಅಂದ ತಮ್ಮ.

"ಮೂರು ಜನಕ್ಕೆ ಸರಿ ಇದೆ," ಅಂದೆ.

"ನೋಡಿದ್ಯಾ! ಸುಮ್ನೆ ಕೂರಲ್ಲ ಕೂರಲ್ಲ ಅಂತಿದ್ದೆ," ಎಂದು ನನ್ನ ಬೆನ್ನು ತಟ್ಟಿ ಹೋದ. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ. ಕೇಳದೆ ಇದ್ದದ್ದನ್ನು ನಾನ್ಯಾಕೆ ಹೇಳಲಿ? ನನ್ನನ್ನು ಎಣಿಸದವನಿಗೆ ನನ್ನ ಭಾರ ಯಾಕೆ ತಿಳಿಸಲಿ?

ಗಾಳಿ ಮಾಮ ಲೋಟದ ತಳದ ಟೀ ಚೆಲ್ಲುತ್ತ ಅಂದ, "ನೀನು ಅಳೆದದ್ದು ಸರಿ. ಆದ್ರೂ ಏನೋ ಸರಿಯಿಲ್ಲ ಕಣೋ."

ಅದೇ ವಾರ ಅಕ್ಕನಿಗೆ ಮಗು ಆಯಿತು. ನೋಡಲು ಹೊರಟ ಬೆಳಿಗ್ಗೆ ನಾನು ಬೈಕ್ ಒರೆಸುತ್ತಿದ್ದೆ. ಅಪ್ಪ ಮುಂದಿನ ಸೀಟಿನಿಂದ ಕೂಗಿದ, "ಬಿಸಿಲಲ್ಲಿ ಬೈಕ್ ಯಾಕೋ? ಹಿಂದೆ ಜಾಗ ಇದೆಯಲ್ಲ, ಬಾ."

ಆಗ ಹೇಳಬಹುದಿತ್ತು. ಹೇಳಲಿಲ್ಲ. ಬಟ್ಟೆ ಕೊಡವಿ ಹೋಗಿ ಬಲಗಡೆ ಕೂತೆ. ಅಮ್ಮ ತೊಡೆಯ ಮೇಲೆ ಮಗುವಿನ ಬಟ್ಟೆಯ ಚೀಲ ಇಟ್ಟುಕೊಂಡು, "ಎಷ್ಟು ದಿನ ಆಯ್ತೋ ನಾವೆಲ್ಲ ಒಟ್ಟಿಗೆ ಹೋಗಿ," ಅಂದಳು. ನಾನು ಕಿವಿಯನ್ನು ಹಿಂದಿನ ಚಕ್ರದ ಕಡೆ ಇಟ್ಟು ಕೂತಿದ್ದೆ.

ಬೀದಿ ತಿರುವಿನ ಹಂಪಿನಲ್ಲೇ ಬಂತು. ಕರ್ರ್.

"ಏನೋ ಅದು?" ಅಂದ ಅಪ್ಪ.

"ರಸ್ತೆ ಸರಿ ಇಲ್ಲ," ಅಂದ ತಮ್ಮ.

ಮುಂದಿನ ಗುಂಡಿಯಲ್ಲಿ ಮತ್ತೆ ಬಂತು, ಈ ಸಲ ಉದ್ದಕ್ಕೆ. ಸುಟ್ಟ ರಬ್ಬರಿನ ವಾಸನೆ ಒಳಗೆ ನುಗ್ಗಿತು. ನನ್ನ ಎದೆಯೊಳಗೆ ಯಾರೋ ಚಪ್ಪಾಳೆ ತಟ್ಟಿದ ಹಾಗಾಯಿತು. ತಮ್ಮ ಕಾರನ್ನು ಬದಿಗೆ ನಿಲ್ಲಿಸಿ ಇಳಿದು ಓಡಿದ. ಟೈರಿನ ಭುಜದಿಂದ ಪೆನ್ಸಿಲ್ ಹೆರೆದ ಹಾಗೆ ರಬ್ಬರು ಸುರುಳಿ ಸುರುಳಿಯಾಗಿ ಎದ್ದಿತ್ತು.

"ಸರಿ ಇದೆ ಅಂದ್ಯಲ್ಲ!" ಎಂದು ಕಿಟಕಿಗೆ ಬಾಯಿ ಹಾಕಿ ಕಿರುಚಿದ. "ಬೇಕಂತ ಮಾಡಿದ್ದೀಯ!"

"ಮೂರು ಜನ ಅಂದೆ. ಮೂರು ಜನಕ್ಕೆ ಅಳೆದೆ. ಮೂರೇನಾ ಅಂತ ಇನ್ನೊಂದು ಸಲ ಕೇಳಿದೆ."

ಅಮ್ಮ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಯಾವ ಮೂರು ಜನ?"

ಅದಕ್ಕೆ ಉತ್ತರ ಬೇಕಾಗಿರಲಿಲ್ಲ. ಕಾರಿನಲ್ಲಿ ಇದ್ದದ್ದು ನಾಲ್ಕು ಜನ, ನಾಲ್ಕರಿಂದ ಮೂರನ್ನು ಯಾರು ಬೇಕಾದರೂ ಕಳೆಯಬಹುದಿತ್ತು.

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದ, "ಸರಿ ಬಿಡು. ಅಲ್ಲಿ ಮಗು ಕಾಯ್ತಿದೆ. ನೀನು ಬಸ್ಸಿಗೆ ಬಾ ಮಗಾ."

ಕೆಟ್ಟದಾಗಿ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದ. ಅದೇ ಕೆಟ್ಟದ್ದು. ನಾನು ಇಳಿದೆ. ಇಳಿದ ಕೂಡಲೆ ಕಾರಿನ ಹಿಂಭಾಗ ಒಂದು ಬೆರಳು ಮೇಲೆದ್ದಿತು, ಉಸ್ಸೆಂದು ಉಸಿರು ಬಿಟ್ಟ ಹಾಗೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ತೆಳ್ಳನೆ ಬೆಳಕು ಕಂಡಿತು. ನಾನಿಲ್ಲದಿದ್ದರೆ ಎಲ್ಲ ಸರಿಯಾಗುತ್ತದೆ ಎಂದು ಅದನ್ನು ಬೆಳೆಸಿದ ನನಗೇ ತೋರಿಸಿತು ಆ ಕಾರು.

"ನಾನೂ ಇಳೀತೀನಿ," ಎಂದು ಅಮ್ಮ ಬಾಗಿಲಿಗೆ ಕೈ ಹಾಕಿದಳು. "ಅವನಿಗಿಂತ ನಾನೇ ಭಾರ."

"ಕೂತ್ಕೋ ಅಮ್ಮ," ಎಂದು ಬಾಗಿಲು ತಳ್ಳಿದೆ. ಬಸ್ಸು ಹತ್ತಲಿಲ್ಲ. ಸೀದಾ ಅಂಗಡಿಗೆ ನಡೆದೆ. ರಜೆ ಹಾಕಿದವನು ಯಾಕೆ ಬಂದೆ ಎಂದು ಗಾಳಿ ಮಾಮ ಕೇಳಲಿಲ್ಲ, ಒಂದು ಲಾರಿ ಟೈರು ನನ್ನ ಕಡೆ ಉರುಳಿಸಿದ. ಅದನ್ನು ರಿಮ್ಮಿನಿಂದ ಬಿಚ್ಚಲು ಎಷ್ಟು ಜೋರಾಗಿ ಹೊಡೆದೆನೆಂದರೆ ಪಕ್ಕದ ಹೊಲಿಗೆ ಅಂಗಡಿಯವನು ಬಂದು ಇಣುಕಿ ಹೋದ.

ಮಧ್ಯಾಹ್ನ ತಮ್ಮ ಬಂದ, ಒಬ್ಬನೇ. ಕನ್ನಡಕ ಇರಲಿಲ್ಲ.

"ಅಮ್ಮ ಮಗೂನ ಮುಟ್ಟೋಕೂ ಬಿಡಲಿಲ್ಲ ನನಗೆ," ಅಂದ. "ಅಣ್ಣನ್ನ ಕರ್ಕೊಂಡು ಬಾ, ಆಮೇಲೆ ಎತ್ಕೋ ಅಂದಳು."

"ಅದಕ್ಕೆ ಬಂದ್ಯಾ?"

"ಅಲ್ಲ. ಅಂದ್ರೆ, ಅದಕ್ಕೂ." ಚೀಲಗಳನ್ನು ನೋಡುತ್ತ ನಿಂತ. "ನಾಲ್ಕು ಜನಕ್ಕೆ ಅಳಿ ಅಣ್ಣ."

"ನಾಲ್ಕನೆಯವರು ಯಾರು?" ಬಿಡುತ್ತೇನೆಯೇ?

"ಯಾರು ಅಂದ್ರೆ? ನೀನೇ."

"ತೂಕ ಎಷ್ಟು?"

"ನನಗೇನು ಗೊತ್ತು!"

"ಒಂದೇ ಮೈಕಟ್ಟು ಕಣೋ ಗೂಬೆ. ಅಂಗಿ ಕದ್ದು ಹಾಕ್ಕೊಳ್ಳುವಾಗ ಗೊತ್ತಿರುತ್ತೆ, ಈಗ ಗೊತ್ತಿಲ್ಲ."

ಗಾಳಿ ಮಾಮ ನಗುತ್ತ, "ಚೀಲ ಯಾಕೆ ಹೊರ್ತೀರಿ? ಭಾರವೇ ಎದುರಿಗೆ ನಿಂತಿದೆ. ಹೋಗಿ ಕೂತ್ಕೋ," ಎಂದು ನನ್ನನ್ನು ಹಿಂದಿನ ಸೀಟಿಗೆ ತಳ್ಳಿದ. ಮುಂದೆ ಅಪ್ಪನ ಮರಳು, ನನ್ನ ಪಕ್ಕದಲ್ಲಿ ಅಮ್ಮನ ಮರಳು, ಡ್ರೈವರ್ ಸೀಟಿನಲ್ಲಿ ತಮ್ಮನ ಬದಲಿಗೆ ಮೂರನೆಯ ಚೀಲ. ಅಳೆಯುವವನು ಯಾರು? ನಾನು ಇಳಿದರೆ ಅಳತೆಯೇ ತಪ್ಪು. ಇಸ್ತ್ರಿ ಅಂಗಿಯ ತಮ್ಮ ಎಣ್ಣೆ ನೆಲದ ಮೇಲೆ ಅಂಗಾತ ಮಲಗಿದ. ನಾನು ಸೀಟಿನಿಂದಲೇ ಹುಕುಂ ಕೊಟ್ಟೆ.

"ಬೆರಳು ಹೋಗುತ್ತಾ?"

"ಉಗುರೂ ಹೋಗಲ್ಲ."

"ಬಿಚ್ಚು. ಹದಿನೆಂಟು ಹಾಕು. ಅಗಲ ಕಮ್ಮಿ ಇರೋದು, ಒಳಗೆ ಕೂರೋದು. ಟೈರಿನ ಗೋಡೆ ಸ್ವಲ್ಪ ಎತ್ತರ ತಗೋ, ಒಟ್ಟು ಎತ್ತರ ಹಳೆಯ ಚಕ್ರದಷ್ಟೇ ಬರಬೇಕು. ಸ್ಪೀಡಿನ ಮೀಟರೂ ಸುಳ್ಳು ಹೇಳಲ್ಲ ಆಗ."

ಬೋಲ್ಟು ಬಿಚ್ಚಲು ಅವನಿಗೆ ಬರಲಿಲ್ಲ. ಬೆವರಿದ. ಕೈ ತರಚಿಕೊಂಡ. ನಾನು ಇಳಿದು ಸಹಾಯ ಮಾಡಲಿಲ್ಲ, ಭಾರಕ್ಕೆ ಇಳಿಯುವ ಹಕ್ಕಿಲ್ಲ. ಜಾಕ್ ಮೇಲೆ ಕಾರು ಏರಿದಾಗ ನಾನೂ ಏರಿದೆ, ಇಳಿದಾಗ ನಾನೂ ಇಳಿದೆ. ಹದಿನೆಂಟು ಇಂಚಿನದು ಹಾಕಿದ ಮೇಲೆ ಅವನು ಕೆಳಗಿನಿಂದ ಕೂಗಿದ, "ಎರಡು ಬೆರಳು ಹೋಗುತ್ತೆ ಅಣ್ಣ!" ಎದ್ದು ದೂರ ಹೋಗಿ ನಿಂತು ನೋಡಿ, "ಆದ್ರೆ ಚಿಕ್ಕದಾಗಿ ಕಾಣುತ್ತೆ," ಅಂದ.

"ಕಾಣಲಿ."

ಮಣ್ಣು ಮೆತ್ತಿದ್ದಾಯಿತು. ಈಗ ಹಂಪು. ನಾನು ಬಾಗಿಲು ತೆಗೆದೆ, ಕೈ ತಾನಾಗಿ ಕೀಗೆ ಚಾಚಿತು.

"ಎಲ್ಲಿಗೆ?" ಅಂದ ಗಾಳಿ ಮಾಮ. "ಅಳೆದವನೇ ಓಡಿಸಬೇಕು."

ತಮ್ಮ ಡ್ರೈವರ್ ಸೀಟಿನ ಚೀಲವನ್ನು ತಬ್ಬಿ ಇಳಿಸಿ, ಎಣ್ಣೆಯಾದ ಅಂಗಿಯಲ್ಲೇ ಹತ್ತಿ ಕೂತ. ನಾನು ಬಾಗಿಲು ಮುಚ್ಚಿದೆ. ನನಗೆ ಜಾಗ ಸಿಕ್ಕಿತ್ತು. ನಾನು ಬಯಸಿದ್ದು ಆ ಜಾಗವನ್ನಲ್ಲ. ಅವನ ತಲೆಯ ಹಿಂಭಾಗ, ಸ್ಟೇರಿಂಗ್ ಮೇಲಿನ ತರಚಿದ ಬೆರಳು, ಕನ್ನಡಿಯಲ್ಲಿ ಅರ್ಧ ಮುಖ. ಇಷ್ಟು ನನ್ನ ಪಾಲು. ಹಂಪು ಬಂತು. ಕಿವಿಯಿಟ್ಟೆ. ಉಜ್ಜಲಿ ಎಂದು ಒಂದು ಗಳಿಗೆ ಬೇಡಿಕೊಂಡೆ ಕೂಡ.

"ಏನಾದ್ರೂ ಕೇಳಿಸ್ತಾ?" ಅಂದ, ಉಸಿರು ಹಿಡಿದು.

ಹೂಂ ಅಂದಿದ್ದರೆ ನಂಬುತ್ತಿದ್ದ. ಈ ಸಲ ನಂಬುತ್ತಿದ್ದ.

"ಇಲ್ಲ," ಅಂದೆ. "ಏನೂ ಇಲ್ಲ. ಚೀಲ ಇಳಿಸಿ ಅಕ್ಕನ ಮನೆಗೆ ನಡಿ. ಮಗೂನ ಮೊದಲು ನಾನು ಎತ್ಕೋತೀನಿ, ನೀನು ಆ ಕೈ ತೊಳ್ಕೊಂಡು ಬಾ."

ಅವನು ನಕ್ಕ. ಎಂಜಿನ್ನು ಎರಡನೇ ಗೇರಿನಲ್ಲೇ ಅರಚುತ್ತಿತ್ತು.

"ಲೋ, ಗೇರ್ ಬದಲಿಸೋ!" ಎಂದು ಅವನ ಸೀಟಿನ ಬೆನ್ನಿಗೆ ಗುದ್ದಿದೆ. "ಅದಕ್ಕೆ ನೋವಾಗುತ್ತೆ."