ಗವರ್ನರ ಕಾರಿನ ಹಿಂದಿನ ಸೀಟು

ನಮ್ಮೂರು ಹ್ಯಾರ್ನೊಸಾಂಡಿನ ಚೌಕಕ್ಕೆ ಆ ಕಪ್ಪು ಕಾರು ಮೊದಲ ಸಲ ಬಂದ ದಿನ ಮೀನಿನಂಗಡಿಯವನು ಟೋಪಿ ತೆಗೆದು ನಿಂತ. ಒಳಗೆ ಗವರ್ನರು ಇರಲಿಲ್ಲ, ಡ್ರೈವರ್ ಆದ ನಾನೊಬ್ಬನೇ ಇದ್ದೆ. ಇಳಿದು ಹೇಳಿ ಅವನ ಸಂತೋಷ ಯಾಕೆ ಕೆಡಿಸಬೇಕೆಂದು ನಾನೂ ಗತ್ತಿನಿಂದ ತಲೆಯಾಡಿಸಿ ಮುಂದೆ ಹೋದೆ.

ಆರು ಸಿಲಿಂಡರಿನ ಸಲೂನ್ ಕಾರು ಅದು. ಉದ್ದ ಮೂತಿ, ಬೂದು ಚರ್ಮದ ಸೀಟು, ಬಾಗಿಲು ಹಾಕಿದರೆ ದಪ್ಪ ಪುಸ್ತಕ ಮುಚ್ಚಿದಷ್ಟೇ ಸದ್ದು. ನಾನು, ಎವರ್ಟ್ ನೆಸ್ಲುಂಡ್, ಹದಿಮೂರು ವರ್ಷ ಅದರಲ್ಲಿ ನಮ್ಮ ಪ್ರಾಂತ್ಯದ ಗವರ್ನರನ್ನು ಸುತ್ತಾಡಿಸಿದೆ. ಹಿಂದಿನ ಸೀಟಿನ ಬಲಗಡೆ ಅವರು. ಎಡಗಡೆ, ಸರಿಯಾಗಿ ನನ್ನ ಬೆನ್ನ ಹಿಂದೆ, ಅವರ ಹೆಂಡತಿ ಓತಿಲಿಯಾ ಅಮ್ಮನವರು. ಶಿಷ್ಟಾಚಾರದ ಪುಸ್ತಕದಲ್ಲಿ ಹಾಗೆಯೇ ಇತ್ತು. ಕನ್ನಡಿಯಲ್ಲಿ ನನಗೆ ಗವರ್ನರ ಮುಖ ಪೂರ್ತಿ ಕಾಣುತ್ತಿತ್ತು, ಅಮ್ಮನವರದು ಟೋಪಿಯ ಅಂಚು ಮಾತ್ರ.

ನನಗೆ ಆಸ್ತಿ ಇಲ್ಲ, ಓದಿಲ್ಲ, ಒಂದು ಹೆಮ್ಮೆ ಇತ್ತು. ನನ್ನ ಕಾರಿನಲ್ಲಿ ಕಪ್ಪಿನ ತುಂಬ ಕಾಫಿ ಇಟ್ಟರೂ ಒಂದು ಹನಿ ತುಳುಕುವುದಿಲ್ಲ ಎಂಬ ಮಾತನ್ನು ಕ್ಷೌರದವನಿಗೆ, ಪಾದ್ರಿಗೆ, ಬೇಡವೆಂದವರಿಗೂ ಹೇಳಿದ್ದೇನೆ. ಕೊನೆಕೊನೆಗೆ ನಾನು ಬಾಯಿ ತೆರೆಯುವ ಮೊದಲೇ ಜನ ‘ಗೊತ್ತು, ಕಾಫಿ’ ಎನ್ನುತ್ತಿದ್ದರು.

ಗವರ್ನರು ನಿವೃತ್ತರಾದಾಗ ಸರ್ಕಾರ ಕಾರನ್ನು ಹರಾಜಿಗೆ ಹಾಕಿತು. ಬೇರೆಯವರ ಕೈಗೆ ಹೋಗುವುದನ್ನು ನೋಡಲಾರದೆ ನಾನೇ ಕೊಂಡೆ. ಆಮೇಲೆ ತಿಳಿಯಿತು, ಕಾರಿಗೆ ಎರಡು ಕಡೆ ವಯಸ್ಸಾಗುತ್ತದೆ: ತಗಡಿನಲ್ಲಿ ಮತ್ತು ಜನರ ಬಾಯಲ್ಲಿ. ಬಾಯಲ್ಲೇ ಮೊದಲು. ಐದು ವರ್ಷದಲ್ಲಿ ಅದೇ ಮೂತಿ, ಅದೇ ಬಣ್ಣ ಕಳ್ಳಸಾಗಣೆಯವನ ಗುರುತಾಯಿತು. ತಿಂಗಳಿಗೆರಡು ಸಲ ಪೊಲೀಸರು ಕೈ ಅಡ್ಡ ಹಾಕುತ್ತಿದ್ದರು. ಒಮ್ಮೆ ಒಬ್ಬ ಎಳೆಯ ಪೊಲೀಸು ಡಿಕ್ಕಿ ತೆರೆಸಿದ. ಒಳಗೆ ನಮ್ಮ ಕರಾವಳಿಯ, ಕೊಳೆಸಿ ಹುಳಿ ಬರಿಸಿದ ಹೆರಿಂಗ್ ಮೀನಿನ ಡಬ್ಬಿಗಳು ಉಬ್ಬಿಕೊಂಡು ಕೂತಿದ್ದವು, ಒಂದು ಆಗಲೇ ಬಾಯಿ ಬಿಟ್ಟಿತ್ತು. ಪಾಪ, ಅವನು ಮೂಗು ಹಿಡಿದುಕೊಂಡೇ ಸಲಾಮು ಹೊಡೆದ. ಇನ್ನೂ ಹತ್ತು ವರ್ಷ ಕಳೆದ ಮೇಲೆ ಅನುಮಾನವೂ ಹೋಗಿ ಕನಿಕರ ಬಂತು. ಒಂದು ಸಣ್ಣ ಹೊಸ ಕಾರು ತಗೊಳ್ಳಬಾರದೇ ಎಂದು ಪಾದ್ರಿ ನನ್ನ ಭುಜ ತಟ್ಟಿದರು. ಆನೆ ಬಿದ್ದರೆ ಆಳಿಗೊಂದು ಕಲ್ಲು. ಹೋದ ವರ್ಷವಷ್ಟೇ ಪೆಟ್ರೋಲ್ ಬಂಕಿನಲ್ಲಿ ತೋಳ ತುಂಬ ಹಚ್ಚೆಯ ಹುಡುಗನೊಬ್ಬ ಬಾನೆಟ್ಟನ್ನು ಸವರಿ, ಇಂಥದ್ದು ಈಗೆಲ್ಲಿ ಸಿಗುತ್ತದೆ ಎಂದ. ಮರ್ಯಾದೆ ವಾಪಸು ಬಂದಿತ್ತು, ಆದರೆ ಅಷ್ಟರಲ್ಲಿ ತಗಡು ಮುಗಿದಿತ್ತು.

ಇಷ್ಟು ವರ್ಷ ಅದನ್ನು ಇಟ್ಟುಕೊಂಡದ್ದು ಬರೀ ಮೋಹದಿಂದಲ್ಲ, ಒಂದು ಮಾತು ಕೊಟ್ಟಿದ್ದೆ. ಗವರ್ನರು ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಾಗ ನನ್ನನ್ನು ಕರೆಸಿದ್ದರು.

“ಸಂತರ ಹಬ್ಬಕ್ಕೆ ಓತಿಲಿಯಾನ ನನ್ನ ಹತ್ರ ಕರ್ಕೊಂಡ್ ಬನ್ನಿ, ನೆಸ್ಲುಂಡ್” ಎಂದಿದ್ದರು. “ನಮ್ಮ ಕಾರಲ್ಲೇ. ಅವಳಿರೋವರೆಗೂ ಅವಳ ಜಾಗ ಅವಳಿಗಿರ್ಲಿ.”

ಸಂತರ ಹಬ್ಬ ಬರುವ ನವೆಂಬರಿನ ಶನಿವಾರ ಇಡೀ ದೇಶವೇ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತದೆ. ಗವರ್ನರ ಸಮಾಧಿ ಅವರ ಹುಟ್ಟೂರು ಹೆಗ್‌ಡೊಂಗೆರಿನಲ್ಲಿದೆ, ಹಾವಿನ ಹಾಗೆ ಸುತ್ತುವ ಹಳೆಯ ಕರಾವಳಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು. ಹನ್ನೆರಡು ವರ್ಷ ತಪ್ಪದೆ ಕರೆದುಕೊಂಡು ಹೋದೆ. ಅಮ್ಮನವರು ನನ್ನ ಬೆನ್ನ ಹಿಂದೆ, ಗವರ್ನರ ಜಾಗದಲ್ಲಿ ಸ್ಪ್ರೂಸ್ ಮರದ ಸೊಪ್ಪಿನ ಮಾಲೆ. ವಾಪಸು ಬಂದ ಮೇಲೆ ಅವರು ಪ್ರತಿ ಸಲ ಒಳಗೆ ಬಂದು ಕಾಫಿ ಕುಡಿಯಿರಿ ಎನ್ನುತ್ತಿದ್ದರು. ಕಾರು ಹೊರಗಿದೆ ಎಂದು ನಾನು ಪ್ರತಿ ಸಲ ತಪ್ಪಿಸಿಕೊಳ್ಳುತ್ತಿದ್ದೆ.

ಈ ವರ್ಷ ವಸಂತದಲ್ಲಿ ಒಂದೇ ವಾರದಲ್ಲಿ ಎರಡು ಏಟು ಬಿದ್ದವು. ಕಣ್ಣಿನ ಡಾಕ್ಟರು ನನ್ನ ಲೈಸೆನ್ಸು ರದ್ದು ಮಾಡಿಸಿದರು. ತಪಾಸಣೆಯವರು ಕಾರನ್ನು ಫೇಲು ಮಾಡಿದರು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಿಂದು ಹಿಂದಿನ ನೆಲ, ಡಿಕ್ಕಿ, ಸೀಟ್ ಬೆಲ್ಟಿನ ಬುಡ ಎಲ್ಲ ತೂತು. ಮುಂಭಾಗ ಮಾತ್ರ ಗಟ್ಟಿಯಾಗಿತ್ತು. ಗುಜರಿಗೆ ಫೋನು ಮಾಡಬೇಕೆಂದು ಕೂತಿದ್ದಾಗ ಮಗಳ ಮಗಳು ತಿಲ್ಡಾ ಬಂದಳು. ಅವಳಿಗೆ ಆಗತಾನೇ ಹದಿನೈದು ತುಂಬಿತ್ತು.

“ಎ-ಟ್ರಾಕ್ಟರ್ ಮಾಡ್ಸೋಣ ಅಜ್ಜ” ಎಂದಳು. “ಕೊಳೆತಿರೋದೆಲ್ಲ ಹೇಗೂ ಕತ್ತರಿಸ್ಬೇಕು. ಆಮೇಲೆ ನಾನೇ ಓಡಿಸ್ಬಹುದು.”

ಹದಿನೈದರ ಮಕ್ಕಳಿಗೆ ಇಲ್ಲಿ ಕಾರು ಓಡಿಸುವ ಹಾಗಿಲ್ಲ. ಆದರೆ ಹಳೆಯ ಕಾರಿನ ಹಿಂದಿನ ಸೀಟು ಕಿತ್ತು, ಡಿಕ್ಕಿಯ ಜಾಗದಲ್ಲಿ ತಗಡಿನ ತೊಟ್ಟಿ ಕೂರಿಸಿ, ಗಂಟೆಗೆ ಮೂವತ್ತು ಕಿಲೋಮೀಟರಿನ ಮೇಲೆ ಓಡದಂತೆ ಬಿಗಿದು, ಬೆನ್ನಿಗೆ ನಿಧಾನದ ಗಾಡಿ ಎಂಬ ಗುರುತಿನ ಕೆಂಪು ತ್ರಿಕೋನ ಅಂಟಿಸಿದರೆ ಕಾನೂನಿನ ಕಣ್ಣಿಗೆ ಅದು ಟ್ರಾಕ್ಟರು. ಊರಿನ ಹುಡುಗ ಹುಡುಗಿಯರೆಲ್ಲ ಅದರಲ್ಲೇ ಬಂಕಿನ ಸುತ್ತ ಗುಡುಗುಡು ಎನ್ನಿಸುತ್ತಿರುತ್ತಾರೆ, ಹಿಂದೆ ಸಿಕ್ಕಿಕೊಂಡ ದೊಡ್ಡವರು ಶಾಪ ಹಾಕುತ್ತಿರುತ್ತಾರೆ. ಶಾಪ ಹಾಕುವವರಲ್ಲಿ ನಾನೇ ಮುಂದಾಳು. ಗವರ್ನರ ಕಾರನ್ನು ಮಕ್ಕಳಾಟಿಕೆ ಮಾಡುತ್ತೀಯಾ ಎಂದು ರೇಗಿದೆ. ಹಾಗಾದರೆ ಗುಜರಿಗೇ ಹಾಕು ಎಂದು ಅವಳು ಬಾಗಿಲು ಬಡಿದು ಹೋದಳು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೂರನೆಯ ದಿನ ನಾನೇ ವೆಲ್ಡರನ ಹತ್ತಿರ ಮಾತಾಡಿದೆ.

ಹಿಂದಿನ ಸೀಟನ್ನು ಬೇರೆಯವರು ಮುಟ್ಟಕೂಡದೆಂದು ಜುಲೈಯಲ್ಲಿ ನಾನೇ ಕಿತ್ತೆ. ಎಡಗಡೆಯ ಅಡಿಯಲ್ಲಿ ಪೆಪ್ಪರ್‌ಮಿಂಟಿನ ಕಾಗದಗಳು ಸಿಕ್ಕವು, ಕೆಂಪು ಬಿಳಿ ಪಟ್ಟೆಯವು, ಒಂದೊಂದೂ ಉಗುರಿನಷ್ಟು ಸಣ್ಣಗೆ ಮಡಿಸಿದ್ದು. ಎಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಅಷ್ಟು ದೊಡ್ಡ ಹೆಂಗಸಿಗೂ ನಾಲಿಗೆ ಚಪಲವೇ ಎಂದು ನಾನೂ ತಿಲ್ಡಾಳೂ ನಕ್ಕೆವು. ಸೀಟನ್ನು ಸೌದೆ ಕೊಟ್ಟಿಗೆಗೆ ಹೊತ್ತು ಹಾಕಿ, ಮೇಲೆ ಕಂಬಳಿ ಹೊದಿಸಿ ಬಂದೆ. ಆ ರಾತ್ರಿ ಊಟ ಸೇರಲಿಲ್ಲ.

ಅಮ್ಮನವರಿಗೆ ಒಂದನ್ನೂ ತಿಳಿಸಿರಲಿಲ್ಲ. ತೊಂಬತ್ತೊಂದು ವರ್ಷದವರು, ಟ್ಯಾಕ್ಸಿ ಹತ್ತುವುದಿಲ್ಲವೆಂದು ಮೊದಲೇ ಹೇಳಿದ್ದವರು. ಹಬ್ಬದ ಬೆಳಿಗ್ಗೆ, ನನಗೆ ಜ್ವರ, ಕಾರು ರಿಪೇರಿಗೆ ಹೋಗಿದೆ ಎಂದು ಎರಡು ಸುಳ್ಳನ್ನೂ ಜೋಡಿಸಿಕೊಂಡು ಫೋನು ಕೈಗೆತ್ತಿಕೊಂಡೆ. ತಿಲ್ಡಾ ಅದನ್ನು ಕಸಿದುಕೊಂಡಳು. ತಾನೇ ಕರೆದುಕೊಂಡು ಹೋಗುತ್ತೇನೆಂದಳು. ಗವರ್ನರ ಹೆಂಡತಿಯನ್ನು ಟ್ರಾಕ್ಟರಿನಲ್ಲಿ ಮೆರವಣಿಗೆ ಮಾಡಿಸಿ ನನ್ನ ಮುಖಕ್ಕೆ ಮಸಿ ಬಳಿಯುತ್ತೀಯಾ ಎಂದು ಕೂಗಾಡಿದೆ.

“ಕಾರಿಗೇ ನಾಚಿಕೆ ಇಲ್ಲ, ನಿನಗ್ಯಾಕಜ್ಜ?” ಎಂದಳು.

ಕೊನೆಗೆ ಸೋತು ಒಪ್ಪಿದೆ. ಅವಳು ಕನ್ನಡಿಗೆ ತೂಗುಹಾಕಿದ್ದ ಹನ್ನೊಂದು ಪರಿಮಳದ ಕಾಗದದ ಮರಗಳಲ್ಲಿ ಹತ್ತನ್ನು ತೆಗೆಸಿದೆ. ಹಾಡು ಹಾಕುವುದಿಲ್ಲವೆಂದು ಆಣೆ ಮಾಡಿಸಿಕೊಂಡೆ. ಹಳೆಯ ಡ್ರೈವರ್ ಟೋಪಿ ಹಾಕಿಕೊಂಡು ಅವಳ ಪಕ್ಕ ಕೂತು ಅಮ್ಮನವರ ಮನೆಗೆ ಹೊರಟೆ.

ಅವರು ಮಾಲೆ ಹಿಡಿದು, ಕೋಲೂರಿಕೊಂಡು ಕೆಳಗೆ ಬಂದರು. ನನಗೆ ತಲೆ ಎತ್ತಲಾಗಲಿಲ್ಲ.

“ನಿಮ್ಮ ಜಾಗ ಹೋಯ್ತು ಅಮ್ಮಾವ್ರೆ” ಎಂದೆ. “ಉಳಿಸ್ಕೊಳ್ಳೋಕಾಗ್ಲಿಲ್ಲ.”

ಅವರು ಕಾರನ್ನು ಒಂದು ಸುತ್ತು ಬಂದರು. ಕೆಂಪು ತ್ರಿಕೋನವನ್ನು ಕೋಲಿನಿಂದ ಮುಟ್ಟಿದರು. ತೊಟ್ಟಿಯೊಳಗೆ ಬಗ್ಗಿ ನೋಡಿ, ಮಾಲೆಯನ್ನು ಅದರಲ್ಲಿಟ್ಟರು. ಎಷ್ಟು ಜೋರಾಗಿ ಓಡುತ್ತದೆ ಎಂದು ತಿಲ್ಡಾಳನ್ನು ಕೇಳಿದರು. ಮೂವತ್ತು ಎಂದಳು. ಇಳಿಜಾರಿನಲ್ಲೂ ಅಷ್ಟೆಯೋ ಎಂದು ಮತ್ತೆ ಕೇಳಿದರು. ಅಷ್ಟೇ ಎಂದಳು. ನಾನು ಬಾಗಿಲು ತೆರೆಯಲು ಹೋಗುವಷ್ಟರಲ್ಲಿ ಅವರೇ ಮುಂದಿನ ಬಾಗಿಲು ತೆರೆದು ಕೂತು ಬೆಲ್ಟು ಬಿಗಿದುಕೊಂಡಾಗಿತ್ತು.

“ನೀವೆಲ್ಲಿ ಕೂರ್ತೀರಿ, ನೆಸ್ಲುಂಡ್?”

“ಇದರಲ್ಲಿ ಇಬ್ಬರಿಗಷ್ಟೇ ಜಾಗ.”

ಕೈಚೀಲದಿಂದ ಮನೆಯ ಕೀಲಿ ತೆಗೆದು ಕಿಟಕಿಯಿಂದ ಚಾಚಿದರು. “ಫ್ಲಾಸ್ಕಲ್ಲಿ ಕಾಫಿ ಇದೆ. ಕಾರು ಹೊರಗಿದೆ ಅಂತ ಈ ಸಲ ಹೇಳೋ ಹಾಗಿಲ್ಲ.”

ಮೂವತ್ತನಾಲ್ಕು ವರ್ಷದಲ್ಲಿ ಆ ಕಾರು ನನ್ನನ್ನು ಬಿಟ್ಟು ಅಮ್ಮನವರನ್ನು ಕರೆದುಕೊಂಡು ಹೋದದ್ದು ಅದೇ ಮೊದಲು. ತ್ರಿಕೋನ ಮೂಲೆ ತಿರುಗುವವರೆಗೂ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ಮೀನಿನಂಗಡಿಯವನ ನೆನಪಾಯಿತು.

ಮನೆಯೊಳಗೆ ಸೋಫಾದಲ್ಲಿ ಕೂರಲು ಮನಸ್ಸಾಗದೆ, ಚಪ್ಪಲಿ ಬಿಡುವಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಕಾಫಿ ಮುಟ್ಟಲಿಲ್ಲ. ಎದುರಿಗೆ ಗವರ್ನರ ಫೋಟೋ. ಮಾತು ಕೊಟ್ಟೆ, ಉಳಿಸಿಕೊಳ್ಳಲಿಲ್ಲ ಎಂದು ಅದಕ್ಕೆ ಹೇಳಿದೆ. ಮೂರೂವರೆಗೆ ಕತ್ತಲು ಕವಿಯಿತು. ಆ ತಿರುವುಗಳಲ್ಲಿ ಹುಡುಗಿಯ ಕೈಯಲ್ಲಿ ಅವರ ಗತಿ ಏನಾಗಿದೆಯೋ ಎಂದು ಕಿಟಕಿಯನ್ನೇ ನೋಡುತ್ತಿದ್ದೆ. ಎರಡೂವರೆ ಗಂಟೆ ಹಾಗೆಯೇ ಕೂತಿದ್ದೆ.

ಬಂದಾಗ ಅಮ್ಮನವರ ಟೋಪಿ ಓರೆಯಾಗಿತ್ತು, ಕೆನ್ನೆ ಕೆಂಪಗಿತ್ತು. ಹಿಂದೆ ಇಪ್ಪತ್ತಾರು ಕಾರು ಸಾಲುಗಟ್ಟಿದ್ದವು, ಹಾರ್ನ್ ಹೊಡೆದವರಿಗೆಲ್ಲ ಅಜ್ಜಿ ಕೈ ಬೀಸಿದರು ಎಂದು ತಿಲ್ಡಾ ವರದಿ ಒಪ್ಪಿಸಿದಳು.

“ನಮ್ ಯಜಮಾನ್ರ ಕಾಲದಲ್ಲೂ ನಮ್ಮ ಹಿಂದೆ ಇಷ್ಟು ಕಾರು ಬಂದಿರ್ಲಿಲ್ಲ” ಎಂದು ಅಮ್ಮನವರು ನಕ್ಕರು. ಸ್ಟೂಲಿನಿಂದ ನನ್ನನ್ನು ಎಬ್ಬಿಸಿ ಊಟದ ಮೇಜಿಗೆ ಕೂರಿಸಿದರು. ಅಲ್ಲಿ ಗಾಜಿನ ಬಟ್ಟಲಿನ ತುಂಬ ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟು.

ಬಟ್ಟಲನ್ನು ತಿಲ್ಡಾಳ ಮುಂದೆ ಸರಿಸಿದರು. “ಎಲ್ಲಾ ನೀನೇ ತಗೋ ಮಗು. ನನಗಿನ್ನು ಬೇಡ. ಇವತ್ತೇ ಮೊದಲ ಸಲ, ವಾಂತಿ ತಡ್ಕೊಳ್ದೆ ಅವರ ಸಮಾಧಿ ಮುಂದೆ ನಿಂತಿದ್ದು.”

ತಿಲ್ಡಾ ನನ್ನ ಮುಖ ನೋಡಿದಳು. ಸೀಟಿನಡಿಯ ಆ ಕಾಗದಗಳು, ಉಗುರಿನಷ್ಟು ಸಣ್ಣಗೆ ಮಡಿಸಿದವು, ನನ್ನ ಕಣ್ಣ ಮುಂದೆ ಬಂದವು. ಇಪ್ಪತ್ತೈದು ವರ್ಷ. ಪ್ರತಿ ಉದ್ಘಾಟನೆ, ಪ್ರತಿ ಔತಣ, ಪ್ರತಿ ಹಬ್ಬ.

“ಒಂದ್ಸಲ ಹೇಳ್ಬಾರ್ದಿತ್ತಾ ಅಮ್ಮಾವ್ರೆ?” ಎಂದೆ. “ಮೆಲ್ಲಗೆ ಓಡಿಸ್ತಿದ್ದೆ. ಮುಂದೆ ಕೂರಿಸ್ತಿದ್ದೆ.”

“ಕಪ್ಪಲ್ಲಿ ಕಾಫಿ ತುಳುಕಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ರಲ್ಲ ನೀವು” ಎಂದರು ಅಮ್ಮನವರು. “ನಾನ್ ಹೇಗೆ ಹೇಳ್ಲಿ?”

ಅವರು ಮೂರು ಕಪ್ಪು ಇಟ್ಟು, ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟರು. ಅವರ ಕಪ್ಪಿಗೆ ಕಾಫಿ ಬಗ್ಗಿಸಿದೆ. ಅದು ಅಂಚು ಮೀರಿ ಬಸಿಗೂ ಅಲ್ಲಿಂದ ಬಿಳಿ ಮೇಜುಬಟ್ಟೆಗೂ ತುಳುಕಿತು.

ಅಮ್ಮನವರು ನೋಡಿದರು. ಏನೂ ಹೇಳದೆ ಕಪ್ಪನ್ನು ಎತ್ತಿಕೊಂಡು ಕುಡಿದರು.