ನಾನೊಬ್ಬಳೇ ಮಾಡಿದ್ದು

ಟೇಕಲ್‌ನ ತ್ರಿವೇಣಿಗೂ ಲಕ್ಕೂರಿನ ಶ್ವೇತಳಿಗೂ ಮಾಲೂರಿನ ಒಂದೇ ಕಂಪನಿಯಿಂದ ಒಂದೇ ದಿನ ಇಂಟರ್‌ವ್ಯೂಗೆ ಕರೆ ಬಂದಿತ್ತು. ಕೋಲಾರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಕಂಪನಿ ದೊಡ್ಡದೇನಲ್ಲ, ಸುತ್ತಲಿನ ಫ್ಯಾಕ್ಟರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಹದಿನೈದು ಜನರ ಆಫೀಸು. ಶ್ವೇತಳಿಗೆ ಬೆಳಿಗ್ಗೆ ಹತ್ತಕ್ಕೆ, ತ್ರಿವೇಣಿಗೆ ಮಧ್ಯಾಹ್ನ ಎರಡಕ್ಕೆ.

ಕೊನೆಯ ವರ್ಷ ಇಬ್ಬರೂ ಸೇರಿ ಒಂದು ಪ್ರಾಜೆಕ್ಟ್ ಮಾಡಿದ್ದರು. ತೋಟಕ್ಕೆ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ರೈತರ ಫೋನಿಗೆ ಮೆಸೇಜ್ ಹೋಗುವ ವ್ಯವಸ್ಥೆ. ಕೋಡ್ ಪೂರ್ತಿ ಬರೆದವಳು ಶ್ವೇತ. ತ್ರಿವೇಣಿ ಹಳ್ಳಿಗಳನ್ನು ಸುತ್ತಿ ರೈತರನ್ನು ಮಾತನಾಡಿಸಿ ಬಂದಿದ್ದಳು. ರೆಸ್ಯೂಮ್ ಬರೆಯುವಾಗ ಅದು ಅವಳಿಗೆ ಹೇಳಿಕೊಳ್ಳುವಂಥ ಕೆಲಸ ಅನಿಸಲಿಲ್ಲ. ಎಲ್ಲರೂ ಹೀಗೇ ಬರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಶ್ವೇತಳ ಹೆಸರು ತೆಗೆದುಹಾಕಿದಳು.

ಇಂಟರ್‌ವ್ಯೂ ಮಾಡಿದವರು ಕಂಪನಿಯ ಮುಖ್ಯಸ್ಥ ವೇಣುಗೋಪಾಲ್. ಮೊದಲ ಅರ್ಧ ಗಂಟೆ ಪುಸ್ತಕದ ಪ್ರಶ್ನೆಗಳು. ತ್ರಿವೇಣಿ ಹೇಗೋ ದಾಟಿಕೊಂಡಳು. ಆಮೇಲೆ ಅವರು ಆ ಪ್ರಾಜೆಕ್ಟ್ ತೆರೆದು, ಇದನ್ನು ಬರೆದವರು ಯಾರು ಎಂದು ಕೇಳಿದರು.

"ನಾನೇ ಸರ್."

"ಜೊತೇಲಿ ಬೇರೆ ಯಾರೂ ಇರಲಿಲ್ವಾ?"

ಬೆಳಿಗ್ಗೆ ಶ್ವೇತ ಇಲ್ಲಿಗೆ ಬಂದುಹೋದದ್ದು ಗೊತ್ತಿದ್ದರೂ, ರೆಸ್ಯೂಮ್‌ನಲ್ಲಿ ಬರೆದದ್ದನ್ನು ಈಗ ತಿರುಗಿಸಿ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

"ಇಲ್ಲ ಸರ್. ನಾನೊಬ್ಬಳೇ ಮಾಡಿದ್ದು."

ಅವರು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕರೆಂಟ್ ಬಂದಿದೆ ಎಂದು ಗೊತ್ತಾದ ಮೇಲೂ ಪ್ರೋಗ್ರಾಂ ಎರಡು ನಿಮಿಷ ಸುಮ್ಮನೆ ಕಾಯುತ್ತಿತ್ತು. ಯಾಕೆ ಕಾಯಬೇಕು ಎಂದು ಕೇಳಿದರು. ತ್ರಿವೇಣಿ ಆ ಫೈಲನ್ನು ಸರಿಯಾಗಿ ನೋಡುತ್ತಿದ್ದದ್ದು ಅದೇ ಮೊದಲ ಸಲ. ಸರ್ವರ್ ಮೇಲೆ ಲೋಡ್ ಬೀಳಬಾರದು ಅಂತ ಎಂದಳು. ಆ ಸಾಲು ತೆಗೆದುಹಾಕಿದರೆ ಏನಾಗುತ್ತದೆ ಎಂದರು. ಏನೂ ಆಗಲ್ಲ, ಮೆಸೇಜ್ ಇನ್ನೂ ಬೇಗ ಹೋಗುತ್ತದೆ ಎಂದಳು.

ವೇಣುಗೋಪಾಲ್ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಬೆಳಿಗ್ಗೆ ಶ್ವೇತ ಅನ್ನೋರು ಬಂದಿದ್ರು. ಅವರಿಗೂ ಇದೇ ಸಾಲು ಕೇಳಿದೆ. ಇದು ನನಗೆ ಹೊಳೆದಿದ್ದಲ್ಲ ಸರ್, ನನ್ನ ಫ್ರೆಂಡ್ ತ್ರಿವೇಣಿ ಕಂಡುಹಿಡಿದಿದ್ದು ಅಂದ್ರು."

ಆಗ ಅವಳಿಗೆ ಎಲ್ಲ ನೆನಪಾಯಿತು. ಪ್ರಾಜೆಕ್ಟನ್ನು ಪರೀಕ್ಷಿಸುತ್ತಿದ್ದ ದಿನಗಳಲ್ಲಿ ಚಿಕ್ಕಪ್ಪ ಕದಿರೇಶ ಮೆಸೇಜ್ ನೋಡಿ ಹಿಪ್ಪುನೇರಳೆ ತೋಟಕ್ಕೆ ಓಡುವಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಒಂದೇ ದಿನ ಮೂರು ಸಲ ಹಾಗಾದಾಗ, ಬಂದಿದ್ದು ಉಳಿಯುತ್ತದೋ ಇಲ್ಲವೋ ನೋಡಿಕೊಂಡು ಹೇಳಮ್ಮಾ ಎಂದು ರೇಗಿದ್ದ. ಎರಡು ನಿಮಿಷ ಕಾದು ನೋಡೋಣ ಎಂದು ಶ್ವೇತಳಿಗೆ ಹೇಳಿದ್ದವಳು ತ್ರಿವೇಣಿಯೇ. ಅದು ಕೋಡಿನಲ್ಲಿ ಹೇಗೆ ಸೇರಿತೆಂದು ಒಂದು ದಿನವೂ ತೆರೆದು ನೋಡಿರಲಿಲ್ಲ.

ಅವಳ ಕಿವಿ ಬಿಸಿಯಾಯಿತು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕೈ ಚಾಚಲೂ ನಾಚಿಕೆಯಾಯಿತು. ಸಾರಿ ಸರ್ ಎಂದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಕೋಡ್ ಬರದಿದ್ರೆ ಕಲಿಸಬಹುದಮ್ಮಾ," ಎಂದರು ಅವರು. "ತೋಟಕ್ಕೆ ಹೋಗಿ ಇಂಥದ್ದನ್ನ ತಿಳ್ಕೊಂಡು ಬರೋರೇ ನಮಗೆ ಬೇಕಾಗಿತ್ತು. ಆದ್ರೆ ಇನ್ಮೇಲೆ ನೀವು ಹೇಳೋದನ್ನ ನಾನು ಹೇಗೆ ನಂಬಲಿ?"

ಶ್ವೇತ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನಲ್ಲೇ ಕಾದು ಕೂತಿದ್ದಳು. ಹೇಗಾಯಿತು ಎಂದಾಗ ತ್ರಿವೇಣಿ ಪರವಾಗಿಲ್ಲ ಎಂದಳು. ನಿನ್ನ ಬಗ್ಗೆಯೂ ಹೇಳಿದೀನಿ ಕಣೇ ಎಂದು ಶ್ವೇತ ನಕ್ಕಳು. ತ್ರಿವೇಣಿ ಬಸ್ಸಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿಕೊಂಡಳು.

ವಾರ ಕಳೆದ ಮೇಲೆ ಕೆಲಸ ಸಿಕ್ಕಿತೆಂದು ಹೇಳಲು ಶ್ವೇತ ಫೋನ್ ಮಾಡಿದಳು. ಇನ್ನು ಮುಚ್ಚಿಡಲಾಗದೆ ತ್ರಿವೇಣಿ ನಡೆದದ್ದನ್ನೆಲ್ಲ ಹೇಳಿದಳು.

"ನಿನ್ನ ರೆಸ್ಯೂಮ್‌ನಲ್ಲಿ ನನ್ನ ಹೆಸರೇ ಇರಲಿಲ್ವೇನೇ?"

"ಇರಲಿಲ್ಲ ಕಣೇ."

ಫೋನ್ ಕಟ್ಟಾಯಿತು.

ಮರುದಿನ ತ್ರಿವೇಣಿ ಆ ಪ್ರಾಜೆಕ್ಟನ್ನು ಮೊದಲ ಫೈಲಿನಿಂದ ಓದತೊಡಗಿದಳು. ಅರ್ಥವಾಗದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹುಡುಕಿದಳು. ಶ್ವೇತಳದ್ದನ್ನು ನೋಡದೆ ಪೂರ್ತಿ ತಾನೇ ಬರೆದು ಮುಗಿಸಲು ಹತ್ತೊಂಬತ್ತು ದಿನ ಹಿಡಿಯಿತು. ಇಬ್ಬರ ಹೆಸರೂ ಹಾಕಿ, ಯಾರು ಏನು ಮಾಡಿದ್ದು ಎಂದು ಬರೆದು ಶ್ವೇತಳಿಗೆ ಕಳಿಸಿದಳು. ಮೂರು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು. ಫೋನ್ ನಂಬರ್ ತಪ್ಪಿದ್ದರೆ ನಿನ್ನ ಪ್ರೋಗ್ರಾಂ ನಿಂತುಹೋಗುತ್ತದೆ, ನೋಡು ಎಂದಿತ್ತು. ನೋಡಿದಳು. ನಿಜವಾಗಿಯೂ ನಿಂತುಹೋಗುತ್ತಿತ್ತು.

ಮುಂದಿನ ಇಂಟರ್‌ವ್ಯೂ ಕೋಲಾರದಲ್ಲಿ. ಅಲ್ಲಿ ನಾಲ್ಕು ಪ್ರಶ್ನೆಗಳಿಗೆ ಗೊತ್ತಿಲ್ಲ ಎಂದಳು. ಪ್ರಾಜೆಕ್ಟಿನ ಮಾತು ಬಂದಾಗ ಶ್ವೇತ ಬರೆದದ್ದು ಯಾವುದು, ತಾನು ಕಲಿತು ಮತ್ತೆ ಬರೆದದ್ದು ಯಾವುದು ಎಂದು ಬಿಡಿಸಿ ಹೇಳಿದಳು. ಆರು ತಿಂಗಳ ಟ್ರೈನಿಂಗ್ ಮೇಲೆ ತೆಗೆದುಕೊಂಡರು. ಸುದ್ದಿ ತಿಳಿಸಿದಾಗ ಶ್ವೇತ, ಒಳ್ಳೇದಾಯ್ತು ಎಂದಷ್ಟೇ ಬರೆದಳು. ಮೊದಲಾಗಿದ್ದರೆ ಫೋನನ್ನೇ ಮಾಡುತ್ತಿದ್ದಳು.