ಹುಲ್ಲಿಗೆ ಇಳಿದ ತಾಂಡೇಲ

ಶನಿಯಾರ ನಡೆದು ಬರುವುದನ್ನು ಮೊದಲ ಸಲ ನೋಡಿದವರಿಗೆ ಅವನ ಕಾಲಿನ ಬಗ್ಗೆಯಲ್ಲ, ತಾವು ನಿಂತ ನೆಲದ ಬಗ್ಗೆಯೇ ಅನುಮಾನ ಹುಟ್ಟುತ್ತದೆ. ಪಾದಗಳನ್ನು ಅಗಲಿಸಿ, ಮಂಡಿಯನ್ನು ಕೊಂಚ ಸಡಿಲ ಬಿಟ್ಟು, ಮುಂದಿನ ಅಲೆ ಎಡದಿಂದ ಬಂದೀತೋ ಬಲದಿಂದಲೋ ಎಂದು ಕಾಯುವವನಂತೆ ಅವನು ಹೊನ್ನಾವರದ ಡಾಂಬರು ರಸ್ತೆಯ ಮೇಲೆ ಬರುತ್ತಾನೆ. ಇಪ್ಪತ್ತೆಂಟು ವರ್ಷ ಮೀನುಬೋಟಿನಲ್ಲಿ, ಅದರಲ್ಲಿ ಹನ್ನೆರಡು ವರ್ಷ ಬೋಟನ್ನೂ ಅದರ ಆಳುಗಳನ್ನೂ ನಡೆಸುವ ತಾಂಡೇಲನಾಗಿ ಸವೆದ ಆ ಕಾಲುಗಳಿಗೆ ಭೂಮಿ ನಿಶ್ಚಲವೆಂಬ ಸುದ್ದಿ ಇನ್ನೂ ತಲುಪಿಲ್ಲ.

ನಾಲ್ಕು ವರ್ಷದ ಹಿಂದೆ, ಶರಾವತಿ ಕಡಲು ಸೇರುವ ಅಳಿವೆಯ ಮರಳುದಿಬ್ಬಕ್ಕೆ ಹೊಡೆದು ಅವನ ಬೋಟು ಒಡೆಯಿತು. ಆಳುಗಳೆಲ್ಲ ಉಳಿದರು. ಒದ್ದೆಬಟ್ಟೆಯಲ್ಲೇ ಅಳಿವೆಯ ಪಕ್ಕದ ಕಾಸರಕೋಡಿನ ಮನೆಗೆ ಬಂದವನ ಕೈಯನ್ನು ಹೆಂಡತಿ ಮಾದೇವಿ ತನ್ನ ತಲೆಯ ಮೇಲೆ ಇಟ್ಟುಕೊಂಡು, ಇನ್ನು ಬೋಟು ಹತ್ತುವುದಿಲ್ಲ ಎಂದು ಆಣೆ ಮಾಡಿಸಿದಳು. ಹೀಗೆ ಕಡಲು ಬಿಟ್ಟವನು ಕಡಿಯಲು ಹೊರಟ. ಹುಲ್ಲು ಹೊಡೆಯುವ ಮಷಿನ್ ಒಂದನ್ನು ಕೊಂಡು ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಬದಿಯ ಹೊಸ ಮನೆಗಳ ಗೇಟು ತಟ್ಟತೊಡಗಿದ. ಈ ಸೀಮೆಯಲ್ಲಿ ಯಾರೂ ತೃಣಮಾತ್ರ ಲೆಕ್ಕಿಸದ ಉದ್ಯೋಗ. ಅವನಾದರೋ ತೃಣವನ್ನೇ ನಂಬಿದ.

ನಮ್ಮ ಮನೆಗೆ ಬಂದಾಗ ಮೈಮೇಲೆ ಹಳದಿ ರೈನ್‌ಕೋಟಿತ್ತು. ಅದು ಫೆಬ್ರುವರಿ. ಬೋಟಿನ ಕಾಲದ ಆ ಕೋಟನ್ನು ಅವನು ಬಿಸಿಲಿಗೂ ತೊಡುತ್ತಾನೆ, ಆ ಬಿಸಿಲಿಗೂ ಅದರ ಬಂಗುಡೆ ಮೀನಿನ ವಾಸನೆಯನ್ನು ಇನ್ನೂ ಆರಿಸಲಾಗಿಲ್ಲ. ನನ್ನ ಲಾನಿನ ಉದ್ದಗಲವನ್ನು ಒಮ್ಮೆ ನೋಡಿ, “ಅಕ್ಕೋರೆ, ಇದು ಲಾನಲ್ಲ, ಹಪ್ಪಳ” ಎಂದ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಸತ್ಯ ಕೇಳಿಸಿಕೊಳ್ಳುವ ಅಭ್ಯಾಸ ಕಡಮೆ. ಆದರೂ ನಗು ಬಂತು. ಆಮೇಲೆ ಅವನು ಅಂಚಿನಲ್ಲಿ ಚಪ್ಪಲಿ ಬಿಟ್ಟ, ಬಗ್ಗಿ ಹುಲ್ಲನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ.

“ಬೋಟಿನ ಮೇಲೆ ಚಪ್ಪಲಿ ಮೆಟ್ಟುದಿಲ್ಲ.”

“ಇದು ಬೋಟಲ್ಲವಲ್ಲೋ ಶನಿಯಾರ.”

“ಗೊತ್ತುಂಟು” ಎಂದು ಅವನು ಬರಿಗಾಲಲ್ಲೇ ಹುಲ್ಲಿಗಿಳಿದ. ಹುಲ್ಲಿನ ಮೇಲೆ ಕಾಲಿಟ್ಟರೆ ಅಡಿಗೋಲಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕೂಡ ಹುಲ್ಲಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಅವನಿಗೆ ಒಂದೇ ಹಂಬಲ. ಅದನ್ನು ಅವನು ‘ಕಮರ್ಸಲ್’ ಎನ್ನುತ್ತಿದ್ದ. “ಮನೆ ಲಾನು ಅಂದ್ರೆ ಏಡಿ ಹಿಡ್ದ ಹಾಗೆ ಅಕ್ಕೋರೆ, ಒಂದೊಂದೇ. ಆಸ್ಪತ್ರೆ, ಕಲ್ಯಾಣಮಂಟಪ, ರೆಸಾರ್ಟು, ಅಲ್ಲಿಗೆ ಹೋಗ್ಬೇಕು.” ಸಂಪಾದನೆಯ ಆಸೆ ಎಂದು ನಾನು ಭಾವಿಸಿದ್ದೆ. ಒಂದು ದಿನ ಚಹಾ ಕುಡಿಯುತ್ತ ತಾನಾಗಿ ಬಾಯಿಬಿಟ್ಟ: “ಹಪ್ಪಳಕ್ಕೆ ಒಬ್ಬ ಸಾಕು. ದೊಡ್ಡ ಲಾನಿಗೆ ಆಳು ಬೇಕಾತದೆ, ಐದಾರು ಜನ.” ಆಗ ಅರ್ಥವಾಯಿತು. ಕೂಗಿ ಕರೆದರೆ ಓಗೊಡುವ ಐದು ಗಂಟಲುಗಳಿಲ್ಲದೆ ಆ ಮನುಷ್ಯ ನಾಲ್ಕು ವರ್ಷದಿಂದ ಒಳಗೊಳಗೇ ಒಣಗುತ್ತಿದ್ದ.

ಕಾಸರಕೋಡಿನ ದಂಡೆಯಲ್ಲಿ ಹೊಸದಾಗಿ ಎದ್ದ ರೆಸಾರ್ಟೊಂದರ ಮ್ಯಾನೇಜರ್ ಅನೂಪನಿಗೆ ಅವನ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದವಳು ನಾನೇ. ‘ವರ್ಷವಿಡೀ, ಐದು ಮಂದಿ ಅನುಭವಿ ಆಳುಗಳೊಂದಿಗೆ’ ಎಂದು ಠೀವಿಯಿಂದ ಬರೆದೆ. ಅನೂಪ ಜುಲೈ ತಿಂಗಳನ್ನು ಪರೀಕ್ಷೆಗೆಂದು ಕೊಟ್ಟ. ಆಗಸ್ಟ್ ಒಂದರ ಸಂಜೆ ನಾಲ್ಕಕ್ಕೆ ಮಾಲೀಕರು ಬಂದು ನೋಡುತ್ತಾರೆ, ಒಪ್ಪಿದರೆ ವರ್ಷದ ಕರಾರು, ಇಲ್ಲವಾದರೆ ಮಂಗಳೂರಿನ ಕಂಪನಿ.

ಆ ಜುಲೈಯಲ್ಲಿ ಶನಿಯಾರನನ್ನು ನೋಡಬೇಕಿತ್ತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ಸರಕಾರದ ನಿಷೇಧ, ಕಡಲು ಮುಚ್ಚಿರುತ್ತದೆ, ಬೋಟುಗಳು ಬಂದರಿನಲ್ಲಿರುತ್ತವೆ. ಹುಲ್ಲು ಏಳುವುದೂ ಆಗಲೇ. ಅವನ ಹಳೆಯ ಬೋಟಿನ ಆಳು, ಈಗ ಬೇರೊಂದು ಬೋಟು ನಡೆಸುವ ಮಾಬ್ಲ ಮತ್ತು ಇನ್ನು ನಾಲ್ವರು ಕೆಲಸಕ್ಕೆ ಬಂದರು. ಇಬ್ಬರು ಸರದಿಯಲ್ಲಿ ಮಷಿನ್ ನಡೆಸಿದರೆ ಮೂವರು ಹೊಡೆದ ಹುಲ್ಲನ್ನು ಹರಕು ಬಲೆಗೆ ತುಂಬಿ ‘ಐಸಾ’ ಎಂದು ಎಳೆಯುವರು. ನಡುವೆ ಹಳದಿ ಕೋಟಿನ ತಾಂಡೇಲ ಕಾಲಗಲಿಸಿ ನಿಂತು “ಬಡಗಕ್ಕೆ ತಗೊ, ಬಡಗಕ್ಕೆ” ಎಂದು ಬೋಟನ್ನು ಉತ್ತರಕ್ಕೆ ತಿರುಗಿಸುವವನಂತೆ ಕೂಗುವನು. ಒಂದೂವರೆ ಎಕರೆ ಹಸಿರು ಅವನ ದನಿಯ ಅಡಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು.

ಆಗಸ್ಟ್ ಒಂದಕ್ಕೆ ಕಡಲು ತೆರೆಯುತ್ತದೆ ಎಂಬುದು ಕಾಸರಕೋಡಿನ ಕೂಸಿಗೂ ಗೊತ್ತು. ಅರ್ಜಿ ಬರೆದ ನನಗೆ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲವೆಂದರೆ ನಂಬುವುದು ಕಷ್ಟ. ನೆನೆಯಲು ಮನಸ್ಸಾಗಲಿಲ್ಲ ಎನ್ನುವುದು ನಿಜಕ್ಕೆ ಹತ್ತಿರ.

ಅಂದು ಬೆಳಗ್ಗೆ ಹತ್ತಕ್ಕೆ ನಾನು ಹೋದಾಗ ಲಾನಿನ ಮೇಲೆ ಅವನೊಬ್ಬನೇ ಇದ್ದ. ವಾರದ ಮಳೆಯಲ್ಲಿ ಹೊಡೆಯಲಾಗದೆ ಬಿಟ್ಟ ಹುಲ್ಲು ಮೊಣಕಾಲು ಮುಟ್ಟಲು ಹವಣಿಸುತ್ತಿತ್ತು. ಒದ್ದೆ ಹುಲ್ಲು ಸಿಕ್ಕಿ ಮಷಿನ್ ಕಟ್ಟಿ ನಿಂತಿತ್ತು. ಗಾಳಿಮರಗಳ ಆಚೆ ಬೋಟುಗಳು ಬಾವುಟ ಕಟ್ಟಿಕೊಂಡು ಒಂದರ ಹಿಂದೊಂದು ಅಳಿವೆಯತ್ತ ಹೋಗುತ್ತಿದ್ದವು.

“ಬೋಟು ಹತ್ತಿದ ಆಳುಗಳನ್ನು ತಡೆಯಬಾರದಿತ್ತೇನೋ ಶನಿಯಾರ? ಒಂದು ದಿನದ ಮಾತು.”

“ಆಗಸ್ಟ್ ಒಂದಕ್ಕೆ ಬೋಟಿಗೆ ಹೋಗ್ಬೇಡ ಅಂತ ನಾನು ಹೇಳುದಾ ಅಕ್ಕೋರೆ?” ಎಂದ. ಮಷಿನ್ನಿನ ಅಲಗಿನಿಂದ ಹುಲ್ಲು ಬಿಡಿಸುತ್ತ, “ಮಾಬ್ಲ ಕರ್ದ. ಒಂದು ಆಳು ಕಡಮೆ ಉಂಟು, ಬಾ ತಾಂಡೇಲಾ ಅಂದ” ಎಂದ. ಆ ಕೈ ಒಮ್ಮೆ ಹೆಂಡತಿಯ ತಲೆ ಮುಟ್ಟಿದ ಕೈ. ಅದನ್ನೇ ನೋಡಿಕೊಂಡು ಕುಳಿತ.

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ಮಾದೇವಿ ಮುಂದೆ, ಹಿಂದೆ ಕಾಳಿ, ದುರ್ಗಿ ಸೇರಿ ಏಳು ಮೀನುಮಾರುವ ಹೆಂಗಸರು, ಎಲ್ಲರ ಕೈಯಲ್ಲಿ ಹುಲ್ಲುಗತ್ತಿ. ಬೋಟು ಹೋಗಿ ಮೀನು ಬರುವವರೆಗೆ ಬುಟ್ಟಿಗಳಿಗೆ ರಜೆ.

“ಎಂತಕ್ಕೆ ಬಂದ್ರಿ?” ಎಂದ ಶನಿಯಾರ.

“ಬೋಟು ಹತ್ಬೇಡ ಅಂದವ್ಳು ನಾನು” ಎಂದಳು ಮಾದೇವಿ. “ಹುಲ್ಲಲ್ಲೂ ಮುಳುಗು ಅಂತ ಅಂದದ್ದಲ್ಲ.”

ಕಾಳಿ ಚಪ್ಪಲಿ ಕಳಚಿ, “ಬಲೆ ಎಲ್ಲಿಂದ ಬಿಡುದು ತಾಂಡೇಲಾ? ಬಾಯಿ ಬಿಡು” ಎಂದು ಕೆಣಕಿದಳು. ಉತ್ತರಕ್ಕೂ ಅವರು ಕಾಯಲಿಲ್ಲ. ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು, ಒದ್ದೆ ಹುಲ್ಲಿಗೆ ಮಷಿನ್‌ಗಿಂತ ಕತ್ತಿಯೇ ಸಲೀಸೆಂದು ತೋರಿಸುತ್ತ, ಊರಿನ ಸೊಸೆಯಂದಿರ ಗುಣಾವಗುಣಗಳನ್ನೂ ಜೊತೆಗೇ ಸವರುತ್ತ, ಮೂರೂವರೆಗೆ ದಂಡೆಯ ಬೇಲಿ ಮುಟ್ಟಿದರು.

ಕತ್ತಿಯ ಕೊಯ್ಲು ಚಾಪೆಯಂತೆ ಸಪಾಟಾಗಿರಲಿಲ್ಲ, ಸಾಲುಸಾಲು ಅರ್ಧಚಂದ್ರಗಳು ಎದ್ದಿದ್ದವು. ಅನೂಪ ಹುಬ್ಬು ಗಂಟಿಕ್ಕಿದ. ಮಾಲೀಕರು ಆಚೆಯಿಂದ ಈಚೆಗೆ ಎರಡು ಸಲ ನಡೆದು, ಒಂದು ಕಳೆಯೂ ಕಾಣದೆ, “ಈ ಜನ ವರ್ಷವಿಡೀ ಬರುತ್ತಾರೋ?” ಎಂದರು. “ಬೆಳಿಗ್ಗೆ ಮೀನು, ಮಧ್ಯಾಹ್ನ ಹುಲ್ಲು” ಎಂದು ಉತ್ತರ ಕೊಟ್ಟವಳು ಮಾದೇವಿ. ಕರಾರಾಯಿತು.

ಶನಿಯಾರ ಆ ಕಾಗದವನ್ನು ಮಡಿಸಿ ಹಳದಿ ಕೋಟಿನ ಒಳಜೇಬಿಗೆ ಸೇರಿಸಿದ. ಕಮರ್ಸಲ್ ಆಯಿತಲ್ಲೋ ಎಂದೆ. ಅವನು ಗಾಳಿಮರಗಳ ಆಚೆ, ಈಗ ಬರಿದಾದ ನೀರನ್ನು ನೋಡುತ್ತಿದ್ದ.

“ಬೆಳಿಗ್ಗೆ ಅಳಿವೆ ದಾಟುವಾಗ ಮಾಬ್ಲ ಬೋಟನ್ನು ಸ್ವಲ್ಪ ಬಡಗಕ್ಕೆ ತಕೊಂಡ. ತಕೊಳ್ಳುಕಾಗ. ದಿಬ್ಬ ಅಲ್ಲೇ ಉಂಟು” ಎಂದ. ಆಮೇಲೆ, “ದಾಟಿದ” ಎಂದ.

ಇಂಥವರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ: ಪ್ರೀತಿಗೆ ಕಟ್ಟುಬಿದ್ದು ದಡಕ್ಕೆ ಬಂದವರು, ಮಾತು ಉಳಿಸಿಕೊಂಡವರು, ಬದುಕನ್ನೂ ಹಸನು ಮಾಡಿಕೊಂಡವರು. ಅವರನ್ನು ಸೋತವರೆನ್ನಲು ಬಾಯಿ ಬರುವುದಿಲ್ಲ, ಗೆದ್ದವರೆನ್ನಲು ಅವರ ಕಣ್ಣು ಬಿಡುವುದಿಲ್ಲ. ಕೊಟ್ಟ ಆಣೆ ಅವರ ಕೈಯನ್ನು ಕಟ್ಟುತ್ತದೆ. ಕಾಲನ್ನು ಕಟ್ಟುವ ಆಣೆಯನ್ನು ಯಾವ ಹೆಂಡತಿಯೂ ಇನ್ನೂ ಕಂಡುಹಿಡಿದಿಲ್ಲ. ಅದಕ್ಕೇ ಅವರು ಗಟ್ಟಿನೆಲದ ಮೇಲೂ ಹಾಗೆ ನಡೆಯುತ್ತಾರೆ, ಬಾರದ ಅಲೆಯೊಂದಕ್ಕೆ ಜಾಗ ಬಿಟ್ಟುಕೊಂಡು.